ಕಂಬಗಳ್ಳಿಯ ಗುರುತು ಮತ್ತು ಅದನ್ನು ಬೀಜದಿಂದ ಬೆಳೆಸುವ ಕ್ರಮ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಂಬದಂತೆ ನೆಟ್ಟಗೆ ಬೆಳೆಯುವ ಕಳ್ಳಿಯನ್ನು ತಾವು ಉದ್ಯಾನಗಳಲ್ಲಿಯೂ ಮನೆಯಂಗಳಗಳಲ್ಲಿಯೂ ಕಂಡಿರಬಹುದು. ಅದು ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲವೆಂದು ದೂರುವವರುಂಟು. ನೆಲವನ್ನಾಗಲಿ ಗೊಬ್ಬರವನ್ನಾಗಲಿ ಹಳಿದು ಫಲವಿಲ್ಲ. ಒಂದೇ ಗಿಡದ ತುಂಡುಗಳನ್ನು ನೆಟ್ಟು ಮಾಡಿದ ಸಾಲು ಎಷ್ಟೇ ಉದ್ದವಿದ್ದರೂ ಗುಣದಲ್ಲಿ ಒಂದೇ ಗಿಡ. ಈ ಜಾತಿಯ ಹೂವಾದರೋ ತನ್ನ ಪರಾಗದಿಂದ ತಾನು ಫಲಿಸದು. ಆದಕಾರಣ ಹಣ್ಣನ್ನು ಬಯಸುವವರು ಬೀಜದಿಂದಲೇ ಸಸಿಗಳನ್ನು ಎಬ್ಬಿಸತಕ್ಕದ್ದು.

ಮೊದಲು ಗುರುತು. ನಮ್ಮ ಬೇಲಿಗಳ ಚದುರಗಳ್ಳಿಗೂ ಏಣುಗಳುಂಟು; ಆದರೆ ಅದರ ಕುಲವೇ ಬೇರೆ. ಗೀರಿದೊಡನೆ ಅದರಿಂದ ಬಿಳಿಯ ಹಾಲು ಸುರಿಯುವುದು. ಆ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳಿಗೆ ಈ ಪರೀಕ್ಷೆಯನ್ನು ಬಿಡಲಾಗದು. ಗೀರದೆಯೂ ತಿಳಿಯಬಹುದು. ಚದುರಗಳ್ಳಿಯ ಮುಳ್ಳುಗಳು ಜೋಡಿಜೋಡಿಯಾಗಿರುವುವು. ಕಂಬಗಳ್ಳಿಯ ಏಣಿನ ಮೇಲೆ ನವಿರುಳ್ಳ ಚಿಕ್ಕ ಮೆತ್ತೆಗಳು ಸಾಲಾಗಿದ್ದು, ಒಂದೊಂದರಿಂದಲೂ ಮುಳ್ಳಿನ ಗೊಂಚಲು ಹೊರಡುವುದು. ಹೂವು ದೊಡ್ಡದು, ಬಿಳಿದು. ರಾತ್ರಿ ಅರಳಿ ಬಿಸಿಲೇರುವಷ್ಟರಲ್ಲಿ ಬಾಡುವುದು. ಹಣ್ಣಿಗೆ ಮುಳ್ಳಿಲ್ಲ, ಬಿಳಿಯ ತಿರುಳಿನಲ್ಲಿ ಸಾಸುವೆಯಂತಹ ಕರಿಯ ಬೀಜಗಳು. ತೋಟಗಾರರು ಇದನ್ನು ಸೀರಿಯಸ್ ಪೆರುವಿಯಾನಸ್ ಎಂದು ಕರೆಯುವರು. ಹೆಸರು ಪೆರು ದೇಶದ್ದಾದರೂ ತವರು ದಕ್ಷಿಣ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಸೀಮೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಇದನ್ನು ಹಣ್ಣಿನ ಬೆಳೆಯಾಗಿಯೇ ಬೆಳೆಸಿದ್ದಾರೆ.

ಸಾಧ್ಯವಾದರೆ ಎರಡು ಬೇರೆ ಗಿಡಗಳ ಹಣ್ಣುಗಳಿಂದ ಬೀಜವನ್ನು ತರಬೇಕು. ತಿರುಳು ಉಳಿದರೆ ಬೂಷ್ಟು ಹಿಡಿಯುವುದರಿಂದ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು. ಶಿವರಾತ್ರಿ ಕಳೆದು ಸೆಕೆ ಹುಟ್ಟಿದ ಕಾಲ ಅನುಕೂಲ. ತಳದಲ್ಲಿ ತೂತುಳ್ಳ ಮಣ್ಣಿನ ಕುಂಡದಲ್ಲಿ ಎರಡು ಪಾಲು ಹೊಳೆಯ ಮರಳು, ಒಂದು ಪಾಲು ಜರಡಿ ಹಿಡಿದ ಮಣ್ಣು ತುಂಬಿ, ಕುದಿಯುವ ನೀರನ್ನು ಹೊಯ್ದು ಆರಿಸಬೇಕು. ಬೀಜವನ್ನು ಮೇಲೆ ಉದುರಿಸಿದರೆ ಸಾಕು, ಮಣ್ಣು ಮುಚ್ಚಕೂಡದು. ಬೆಳಕಿಲ್ಲದೆ ಅದು ಮೊಳೆಯದು. ಕುಂಡಕ್ಕೆ ಗಾಜು ಮುಚ್ಚಿ ನೆರಳಿನಲ್ಲಿಟ್ಟು, ನೀರನ್ನು ಮೇಲಿನಿಂದ ಚಿಮುಕಿಸದೆ, ಕುಂಡವನ್ನು ತಟ್ಟೆಯ ನೀರಿನಲ್ಲಿಟ್ಟು ಅಡಿಯಿಂದ ಹೀರಲು ಬಿಡಬೇಕು. ಒಂದರಿಂದ ಮೂರು ವಾರಗಳಲ್ಲಿ ಮೊಳಕೆ ಕಾಣುವುದು. ಮೊದಲು ದಪ್ಪನೆಯ ಎರಡು ಬೀಜದೆಲೆಗಳು. ಅವುಗಳ ನಡುವೆ ಮುಳ್ಳಿನ ಕುಡಿ. ಇದನ್ನು ಕಳೆಯೆಂದು ಕಿತ್ತೆಸೆದವರುಂಟು! ಆಮೇಲೆ ಗಾಜನ್ನು ದಿನದಿನಕ್ಕೆ ಹೆಚ್ಚು ಸರಿಸುತ್ತ ಗಾಳಿಗೆ ಒಗ್ಗಿಸಿ, ಬಿಸಿಲನ್ನು ಮೆಲ್ಲನೆ ತೋರಿಸತಕ್ಕದ್ದು. ಎಳೆಯ ಸಸಿಗಳು ಸಾಯುವುದು ಬಹುಮಟ್ಟಿಗೆ ಅತಿನೀರಿನಿಂದಲೇ.

ಬೆಳವಣಿಗೆ ನಿಧಾನವೆಂದು ಬೇಸರಿಸಬೇಡಿರಿ. ಅರಿಜೋನಾದ ಸಗ್ವಾರೋ ಎಂಬ ಕಂಬಗಳ್ಳಿಯು ಎಂಟು ವರ್ಷವಾದರೂ ಒಂದೂವರೆ ಅಂಗುಲವನ್ನು ಮೀರದಿರಬಹುದು. ನಮ್ಮದು ಅದಕ್ಕಿಂತ ಬಹಳ ಚುರುಕು.

ಸಸಿಗಳನ್ನು ಗೋಮಾಳದ ಅಂಚಿನಲ್ಲಿ ಮಾತ್ರ ನೆಡಕೂಡದು. ಹೊರದೇಶದ ಪಾಪಾಸುಕಳ್ಳಿಯು ದಕ್ಷಿಣ ಭಾರತದ ಎಷ್ಟೋ ನೆಲವನ್ನು ನುಂಗಿತ್ತು. 1926ರಲ್ಲಿ ಸಿಂಹಳದಿಂದ ಹುಳುವನ್ನು ತಂದು ಬಿಟ್ಟ ಮೇಲೆಯೇ ಅದು ಅಡಗಿದ್ದು. ಕಂಬಗಳ್ಳಿಯ ಸಮೀಪದ ಜಾತಿಯೊಂದು ದಕ್ಷಿಣ ಆಫ್ರಿಕದಲ್ಲಿ ಕಳೆಯಾಗಿ ಹಬ್ಬಿದೆ. ಹಕ್ಕಿಗಳು ಬೀಜವನ್ನು ದೂರ ಒಯ್ಯುವುದರಿಂದ, ಹಣ್ಣು ಬಿರಿಯುವ ಮೊದಲೇ ಕೊಯ್ಯುವುದು ಬೆಳೆದವರ ಹೊಣೆ.

ಹೂ ಬಂದ ರಾತ್ರಿ, ಮೆದುವಾದ ಕುಂಚದಿಂದ ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿನ ನಡುವಿನ ಕುಡಿಗೆ ಸವರಿರಿ. ಬೆಳಗಿನ ಜೇನುಹುಳುಗಳು ಬರುವವರೆಗೆ ಕಾಯಬೇಕಾಗಿಲ್ಲ.