ಕಿಟಕಿಯ ಆಚೆ ನಿಂತವನು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಊರಿನಲ್ಲಿ ಹುಟ್ಟಿ, ಇಲ್ಲಿಯ ಸಗಣಿ ಬಾಚಿ, ಇಲ್ಲಿಯ ಹಾಲು ಕುಡಿದು ಬೆಳೆದವನು ನಾನು. ಹೊಟ್ಟೆಪಾಡಿಗೆ ಮೇಷ್ಟ್ರಾಗಿ ಬೇರೆ ಕಡೆ ಹೋದೆ. ಇಂಥ ಶುಭ ಸಂದರ್ಭದಲ್ಲಿ ನನ್ನನ್ನು ನೆನೆಸಿಕೊಂಡು ಕರೆದಿದ್ದಕ್ಕೆ ಸಂಘಕ್ಕೆ ನಾನು ಋಣಿ. ಅಧ್ಯಕ್ಷರು ಫೋನು ಮಾಡಿ, "ಮೇಷ್ಟ್ರೇ, ಸಹಕಾರ ತತ್ವದ ಬಗ್ಗೆ ಅಧಿಕಾರಿಗಳು ಮಾತಾಡ್ತಾರೆ. ನೀವು ಹಳೇ ಕಾಲದ್ದು ಏನಾದ್ರೂ ಹೇಳಿ, ಹುಡುಗ್ರಿಗೆ ಗೊತ್ತಾಗ್ಲಿ" ಅಂದರು. ಹಳೇ ಕಾಲ ಅಂದರೆ ನನಗೆ ಎಂಬತ್ತರ ದಶಕ. 1983ರಲ್ಲಿ ನನಗೆ ಹನ್ನೆರಡು ವರ್ಷ. ಆವತ್ತಿನ ರೇಡಿಯೋ, ಟೆಂಟು, ಟೀವಿ, ಕ್ಯಾಸೆಟ್ಟು ಇವುಗಳ ಕಥೆ ಹೇಳುತ್ತೇನೆ. ಅದಕ್ಕೂ ಹಾಲಿನ ಸಂಘಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಕೊನೆಗೆ ನಾನೇ ಹೇಳುತ್ತೇನೆ.

ನಮ್ಮ ಮನೆಗೆ ಮೊದಲು ಬಂದದ್ದು ರೇಡಿಯೋ. ಅಪ್ಪ ಕಬ್ಬಿನ ದುಡ್ಡಿನಲ್ಲಿ ತಂದದ್ದು. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಪೋಸ್ಟಾಫೀಸಿನಲ್ಲಿ ಹಣ ಕಟ್ಟಬೇಕಿತ್ತು ಅಂದರೆ ಇವತ್ತಿನ ಮಕ್ಕಳು ನಗುತ್ತಾರೆ. ಸೆಲ್ ವೀಕಾದರೆ ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿದ್ದೆವು. ಆಗ ನಮ್ಮೂರಲ್ಲಿ ಡೈರಿ ಇರಲಿಲ್ಲ. ಪಕ್ಕದೂರಿಗೆ ಎರಡು ಕಿಲೋಮೀಟರ್ ನಡೆದು ಹಾಲು ಹಾಕಿ ಬರಬೇಕು. ಗಡಿಯಾರ ಇಲ್ಲದ ಮನೆ. ಬೆಳಿಗ್ಗೆ ಆಕಾಶವಾಣಿಯಲ್ಲಿ ಸಂಸ್ಕೃತ ವಾರ್ತೆ ಶುರುವಾಯಿತು ಅಂದರೆ ಅವ್ವ, "ಏಳ್ಲಾ, ಹೊತ್ತಾಯ್ತು" ಅನ್ನೋಳು. ಸಂಸ್ಕೃತ ಒಂದು ಅಕ್ಷರ ತಿಳಿಯದಿದ್ದರೂ ಅದೇ ನಮ್ಮ ಹಾಲಿನ ಗಂಟೆ.

ಅದೇ ರೇಡಿಯೋದಲ್ಲಿ 1983ರ ವಿಶ್ವಕಪ್ ಕೇಳಿದ್ದು. ಜೂನ್ 25ರ ರಾತ್ರಿ ನಮ್ಮ ಜಗಲಿಯಲ್ಲಿ ಇಪ್ಪತ್ತು ಜನ. ನಮ್ಮವರು ಹೊಡೆದದ್ದು ಬರೀ 183. ಮುಗೀತು ಅಂತ ಎದ್ದುಹೋದವರೂ ಉಂಟು. ಕುಳಿತೇ ಇದ್ದವರಿಗೆ ವೆಸ್ಟ್ ಇಂಡೀಸ್ 140ಕ್ಕೆ ಉರುಳಿದ್ದು ಕೇಳುವ ಭಾಗ್ಯ. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ವಿಕೆಟ್ ಹಿಂದೆ ನಿಂತವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಮಾರನೇ ದಿನದಿಂದ ತೆಂಗಿನ ಗರಿಯ ಮೊಟ್ಟೆಯೇ ಬ್ಯಾಟು, ಕೊಯ್ಲಾದ ಗದ್ದೆಯೇ ಲಾರ್ಡ್ಸ್.

ಇನ್ನು ಟೆಂಟ್ ಸಿನಿಮಾ. ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಶುರುವಾಯಿತೆಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದು ಅರ್ಥ. ಆ ಹಾಡು ಗಾಳಿಯಲ್ಲಿ ತೇಲಿ ಬಂದರೆ ನಮ್ಮ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಂದೆ ನೆಲ, ಹಿಂದೆ ಬೆಂಚು, ಕೊನೆಗೆ ಕುರ್ಚಿ. ನಾವು ನೆಲದವರು. ಮುಂದಿನವನ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು. ರಾಜಕುಮಾರ್ ಅವರ 'ಹಾಲು ಜೇನು' (1982), 'ಕವಿರತ್ನ ಕಾಳಿದಾಸ' (1983), ವಿಷ್ಣುವರ್ಧನ್ ಅವರ 'ಬಂಧನ' (1984) ಎಲ್ಲಾ ಆ ಮರಳಿನ ಮೇಲೆ ನೋಡಿದ್ದು. ಅಂಬರೀಶ್ ನಮ್ಮ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರೇ ಅಲ್ಲವೇ! 1981ರ 'ಅಂತ' ನಮ್ಮ ಟೆಂಟಿಗೆ ಬಂದಾಗ ಮನೆ ಮಗನ ಮದುವೆಗೆ ಹೋದ ಹಾಗೆ ಹೋಗಿದ್ದೆವು.

ಆದರೆ ನಮ್ಮ ಅಕ್ಕ ಟೆಂಟಿಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅನ್ನೋದು ತಪ್ಪು, ಕಳಿಸುತ್ತಿರಲಿಲ್ಲ. ದೊಡ್ಡವಳಾದ ಮೇಲೆ ರಾತ್ರಿ ಹೊತ್ತು ಹೆಣ್ಣು ಹುಡುಗಿ ಯಾಕೆ ಅಂತ. ಅವಳ ಸಿನಿಮಾ ಎಲ್ಲಾ ರೇಡಿಯೋದಲ್ಲೇ. ಆಗ ಸಿನಿಮಾದ ಮಾತು, ಹಾಡುಗಳನ್ನು ಕತ್ತರಿಸಿ ಜೋಡಿಸಿ ರೇಡಿಯೋದಲ್ಲಿ ಕೇಳಿಸುತ್ತಿದ್ದರು. 'ಹಾಲು ಜೇನು' ಚಿತ್ರವನ್ನು ಅಕ್ಕ ರಾಗಿ ಬೀಸುತ್ತಾ ಹಾಗೆ ಕೇಳಿ ಅತ್ತಿದ್ದಾಳೆ. ಕಾಯಿಲೆ ಹೆಂಡತಿಗೆ ಗಂಡ ಮಾಡುವ ಸೇವೆ ಅವಳಿಗೆ ಕಿವಿಯಲ್ಲೇ ಕಂಡಿತ್ತು. ಕಣ್ಣಾರೆ ಕಂಡದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಟೀವಿಯಲ್ಲಿ.

ಟೀವಿಯ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ನಮ್ಮೂರಿಗೆ ಮೊದಲ ಟೀವಿ ಬಂದದ್ದು 1984ರಲ್ಲಿ, ಅನುಕೂಲಸ್ಥರ ಮನೆಯೊಂದಕ್ಕೆ. ಅವರ ಹೆಸರು ಬೇಡ, ಒಳ್ಳೆಯ ಜನವೇ. ಕಪ್ಪು ಬಿಳುಪಿನ ಪೆಟ್ಟಿಗೆ, ಅದಕ್ಕೆ ಎಳೆಯುವ ಬಾಗಿಲು ಬೇರೆ. ಮನೆ ಮೇಲೆ ತೆಂಗಿನ ಮರದ ಎತ್ತರಕ್ಕೆ ಆಂಟೆನಾ. ಒಬ್ಬ ಮೇಲೆ ಹತ್ತಿ ತಿರುಗಿಸೋನು, ಒಬ್ಬ ಕೆಳಗಿಂದ ಕೂಗೋನು. "ಬಂತೇನ್ಲಾ?" "ಬಂತು ಬಂತು... ಹೋಯ್ತು! ಇನ್ನೊಸಿ ಈ ಕಡೀಕೆ!" ಆ ವರ್ಷ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾದಾಗ ಊರಿಗೆ ಊರೇ ಆ ಮನೆ ಮುಂದೆ ನೆರೆದಿತ್ತು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಬಂದಾಗ ಭಾಷೆ ಹಿಂದಿ ಆದರೂ ಆ ಹೆಂಚಿನ ಮನೆ, ಆ ಶಾಲೆ, ಬೆತ್ತ ಹಿಡಿದ ಮೇಷ್ಟ್ರು ಎಲ್ಲಾ ನಮ್ಮವೇ ಅನ್ನಿಸಿತ್ತು. ಅಂಥ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಆಗ ಅವರಿಗೆ 35 ವರ್ಷ. ನಮ್ಮ ಬಾಲ್ಯ ಮುಗಿದದ್ದು ಆವತ್ತೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

1987ರ ಜನವರಿಯಲ್ಲಿ ರಾಮಾನಂದ ಸಾಗರ್ ಅವರ 'ರಾಮಾಯಣ' ಶುರುವಾಯಿತು. ಭಾನುವಾರ ಬೆಳಿಗ್ಗೆ. ಹಾಲು ಹಾಕಿ ಓಡೋಡಿ ಬರುತ್ತಿದ್ದೆವು. ಟೀವಿಗೆ ಹೂವು ಮುಡಿಸಿ ಊದುಬತ್ತಿ ಹಚ್ಚುತ್ತಿದ್ದರು. ನಡುಮನೆಯಲ್ಲಿ ನಾವೆಲ್ಲ ಒತ್ತೊತ್ತಿ ಕೂರುತ್ತಿದ್ದೆವು.

ಎಲ್ಲರೂ ಅಂದೆ. ಅದು ಸುಳ್ಳು. ಇಲ್ಲಿ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬಾರದು.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬನಿದ್ದ. ಕಾಲೋನಿ ಹುಡುಗ. ಅವನಿಗೆ ಆ ಮನೆಯ ಒಳಗೆ ಪ್ರವೇಶವಿರಲಿಲ್ಲ. ಅವನೂ, ಅವನ ತಮ್ಮಂದಿರೂ ಹೊರಗೆ ಕಿಟಕಿಯ ಕಂಬಿ ಹಿಡಿದು ನಿಂತು ನೋಡುತ್ತಿದ್ದರು. ಆ ಕಿಟಕಿ ಟೀವಿಗೆ ಅಡ್ಡಲಾಗಿತ್ತು. ಒಂದು ಭಾನುವಾರ ಮನೆಗೆ ವಾಪಸ್ ಬರುವಾಗ ಅವನು ನನ್ನನ್ನು ಕೇಳಿದ: "ರಾಮನ ಮುಖ ನೆಟ್ಟಗೆ ನೋಡಿದ್ರೆ ಹೆಂಗ್ ಕಾಣ್ತದ್ಲಾ? ನಂಗೆ ಯಾವಾಗ್ಲೂ ಸೊಟ್ಟಗೇ ಕಾಣ್ತದೆ."

ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಮುಂದಿನ ಭಾನುವಾರ ನಾನು ಮತ್ತೆ ಒಳಗೆ ಹೋಗಿ ಕುಳಿತೆ, ಅವನು ಮತ್ತೆ ಕಿಟಕಿಗೆ ಹೋದ. ಒಳಗೆ ಜಾಗ ಇತ್ತು. ಅವನನ್ನೂ ಕರೆಯಿರಿ ಎಂದು ನಾನು ಬಾಯಿ ಬಿಡಲಿಲ್ಲ. ಹದಿನಾರು ವರ್ಷದ ಹುಡುಗ, ತಿಳಿಯದ ವಯಸ್ಸೇನಲ್ಲ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ. ಆದ್ದರಿಂದ "ನಮ್ಮ ಕಾಲ ಎಷ್ಟು ಚೆನ್ನಾಗಿತ್ತು, ಊರೆಲ್ಲ ಒಂದೇ ಮನೆ ಹಾಗಿದ್ವಿ" ಅಂತ ಯಾರಾದರೂ ಹೇಳಿದಾಗ ನಾನು ಅರ್ಧ ತಲೆ ಮಾತ್ರ ಆಡಿಸುತ್ತೇನೆ. ನಡುಮನೆಯಲ್ಲಿ ಕೂತವರಿಗೆ ಚೆನ್ನಾಗಿತ್ತು. ಕಿಟಕಿಯಲ್ಲಿ ನಿಂತವರನ್ನೂ, ಮನೆಯಲ್ಲೇ ಉಳಿದ ಅಕ್ಕಂದಿರನ್ನೂ ಕೇಳಬೇಕಲ್ಲ.

ಆದರೆ ಅದೇ ಗೆಳೆಯ ಟೆಂಟಿನಲ್ಲಿ ನನ್ನ ಪಕ್ಕದಲ್ಲೇ, ಅದೇ ಮರಳಿನ ಮೇಲೆ ಕೂರುತ್ತಿದ್ದ. ದೀಪ ಆರಿದ ಮೇಲೆ ಯಾರ ಪಕ್ಕ ಯಾರು ಅಂತ ಕೇಳುವವರಿರಲಿಲ್ಲ. ಯಾಕೆಂದರೆ ಅಲ್ಲಿ ಅವನು ಟಿಕೆಟ್ ಕೊಂಡಿದ್ದ. ಪಕ್ಕದೂರ ಡೈರಿಯಲ್ಲೂ ಅಷ್ಟೇ. ಅವನ ಮನೆಯ ಒಂದು ಎಮ್ಮೆಯ ಹಾಲು, ನಮ್ಮ ಮನೆಯ ಹಾಲು, ಆ ಟೀವಿ ಮನೆಯವರ ಹಾಲು, ಎಲ್ಲಾ ಅಳೆದು ಸುರಿಯುತ್ತಿದ್ದದ್ದು ಒಂದೇ ಕ್ಯಾನಿಗೆ. ಕ್ಯಾನಿಗೆ ಬಿದ್ದ ಮೇಲೆ ಇದು ಯಾರ ಹಾಲು ಅಂತ ಬೇರೆ ಮಾಡುವ ಯಂತ್ರ ಇನ್ನೂ ಹುಟ್ಟಿಲ್ಲ. ಫ್ಯಾಟು, ಡಿಗ್ರಿ ಬಂದಷ್ಟು ದುಡ್ಡು. ಒಬ್ಬರ ದಯೆಯಿಂದ ಒಳಗೆ ಹೋಗುವ ಕಡೆ ನಾವು ಸಮ ಇರಲಿಲ್ಲ. ಹಕ್ಕಿನಿಂದ ಹೋಗುವ ಕಡೆ ಸಮ ಇದ್ದೆವು. ಇದು ನಾನು ಎಂಬತ್ತರ ದಶಕದಿಂದ ಕಲಿತ ಪಾಠ.

ಈ ಪಾಠವನ್ನೇ ಹೇಳುವ ಸಿನಿಮಾ ಒಂದಿದೆ. ಶ್ಯಾಮ್ ಬೆನಗಲ್ ಅವರ 'ಮಂಥನ್', 1976ರದ್ದು. ಅದಕ್ಕೆ ಹಣ ಹಾಕಿದವರು ಯಾವ ಸಾಹುಕಾರರೂ ಅಲ್ಲ. ಗುಜರಾತಿನ ಹಾಲಿನ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ತೆಗೆಸಿದ ಚಿತ್ರ. ಹಾಲಿನ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯನ ಪಾತ್ರ ಮಾಡಿದವರು ನಮ್ಮ ಗಿರೀಶ್ ಕಾರ್ನಾಡರು. 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಅಪ್ಪನಾಗಿ ಬಂದರಲ್ಲ, ಅವರೇ. ಆ ಹಳ್ಳಿಯಲ್ಲೂ ಮೇಲುಕೇರಿ, ಕೆಳಕೇರಿ. ಸಂಘ ಯಾರ ಕೈಗೆ ಎಂಬ ಜಗಳ. 2024ರ ಮೇ ತಿಂಗಳಲ್ಲಿ ಆ ಚಿತ್ರದ ಪ್ರತಿಯನ್ನು ಹೊಸದಾಗಿ ಸರಿಪಡಿಸಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಎರಡೆರಡು ರೂಪಾಯಿ ಎಲ್ಲಿಗೆ ಹೋಯಿತು ನೋಡಿ! ನಮ್ಮ ರಾಜ್ಯದಲ್ಲೂ 1974ರಲ್ಲಿ ಹೈನುಗಾರಿಕೆ ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ನಾವು ಆಂಟೆನಾ ತಿರುಗಿಸುತ್ತಿದ್ದ ವರ್ಷಗಳಲ್ಲೇ ಈ ದೊಡ್ಡ ಕೆಲಸವೂ ನಡೆಯುತ್ತಿತ್ತು.

2000ದಲ್ಲಿ ನಮ್ಮೂರಿನಲ್ಲೇ ಸಂಘ ಆಗಬೇಕು ಅಂತ ಮನೆ ಮನೆಗೆ ತಿರುಗಿ ಷೇರು ಹಣ ಕೂಡಿಸಿದವರಲ್ಲಿ ಆ ನನ್ನ ಗೆಳೆಯನೂ ಒಬ್ಬ. ಟೀವಿ ಮನೆಗೂ ಹೋದನಂತೆ. ಈ ಸಲ ಮುಂಬಾಗಿಲಿನಿಂದಲೇ ಹೋಗಿ, ಷೇರು ಬರೆಸಿಕೊಂಡು, ರಸೀತಿ ಕೊಟ್ಟು ಬಂದನಂತೆ. ಇವತ್ತು ಅವನ ಮಗಳು ಈ ಸಂಘದಲ್ಲಿ ಹಾಲು ಪರೀಕ್ಷಕಿ. ಊರಿನ ಎಲ್ಲರ ಹಾಲಿಗೆ ಫ್ಯಾಟ್ ನೋಡುವವಳು ಅವಳು. ನಮ್ಮ ಅಕ್ಕ ಗಂಡನ ಊರಿನ ಸಂಘದಲ್ಲಿ ತನ್ನ ಹೆಸರಿಗೇ ಸದಸ್ಯೆ. ಬಟವಾಡೆ ಅವಳ ಖಾತೆಗೇ ಬರುತ್ತದೆ. "ಈಗ ಯಾವ ಸಿನಿಮಾಗೆ ಬೇಕಾದ್ರೂ ಹೋಗ್ತೀನಿ, ಟೆಂಟೇ ಇಲ್ವಲ್ಲೋ" ಅಂತ ನಗುತ್ತಾಳೆ.

ಹೌದು, ಟೆಂಟೂ ಹೋಯಿತು. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ'ದ ಹಾಡುಗಳು ಪ್ರತಿ ಮದುವೆ ಚಪ್ಪರದಲ್ಲೂ ಮೊಳಗಿದವು, ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಆ ಕ್ಯಾಸೆಟ್ಟೂ ಹೋಯಿತು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಟೆಂಟು, ಒಂದೊಂದು ರೇಡಿಯೋ. ಮಕ್ಕಳೇ, ಫೋನನ್ನು ನಾನು ಬೈಯುವುದಿಲ್ಲ. ಅದರ ಮುಂದೆ ಯಾರೂ ಕಿಟಕಿಯಲ್ಲಿ ನಿಲ್ಲಬೇಕಾಗಿಲ್ಲ, ರಾಮನ ಮುಖ ಎಲ್ಲರಿಗೂ ನೆಟ್ಟಗೇ ಕಾಣುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಪಕ್ಕದಲ್ಲಿ ಕೂತು ನಗುವವರು, ಅಳುವವರು ಇಲ್ಲ. ನಮಗೆ ಪಕ್ಕದವರಿದ್ದರು, ಎಲ್ಲರಿಗೂ ಜಾಗ ಇರಲಿಲ್ಲ. ನಿಮಗೆ ಜಾಗ ಇದೆ, ಪಕ್ಕದವರಿಲ್ಲ. ಎರಡೂ ಒಟ್ಟಿಗೆ ಸಿಗುವಂತೆ ಮಾಡಲಾಗದೇ?

ಅದಕ್ಕೇ ಸಂಘದ ಮುಂದೆ ನನ್ನದೊಂದು ಅರಿಕೆ. ಸ್ವಂತ ಕಟ್ಟಡ ಆಗಿದೆ, ಮೇಲೆ ಸಭಾಂಗಣ ಇದೆ. ತಿಂಗಳಿಗೊಂದು ಸಂಜೆ, ಹಾಲು ಅಳೆದಾದ ಮೇಲೆ, ಒಂದು ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸಿ. ಮೊದಲು 'ಮಂಥನ್', ಆಮೇಲೆ 'ಬಂಗಾರದ ಮನುಷ್ಯ', 'ಮಾಲ್ಗುಡಿ ಡೇಸ್'. ಕುರ್ಚಿ ಬೇಡ, ಎಲ್ಲರೂ ನೆಲ. ಹೆಣ್ಣು ಮಕ್ಕಳು ಮುಂದೆ ಕೂರಲಿ. ಪರದೆ, ಯಂತ್ರದ ಖರ್ಚಿಗೆ ನನ್ನ ಕಡೆಯಿಂದ ಐದು ಸಾವಿರ ರೂಪಾಯಿ ಇವತ್ತೇ ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇನೆ. ಉಳಿದದ್ದಕ್ಕೆ ಮನೆಗೆ ಎರಡೆರಡು ರೂಪಾಯಿ ಅಂತ ಕೇಳಿದರೆ ಸಾಲದು, ಕಾಲ ಬದಲಾಗಿದೆ, ಇನ್ನೂರು ಕೇಳಿ!

ಮೊದಲ ದಿನ ನನ್ನ ಗೆಳೆಯನ ಪಕ್ಕದಲ್ಲಿ ನನಗೊಂದು ಜಾಗ ಇಟ್ಟಿರಿ. ಮೂವತ್ತೆಂಟು ವರ್ಷದ ಹಿಂದೆ ಹೇಳಬೇಕಿದ್ದ ಮಾತನ್ನು ಆವತ್ತು ಹೇಳುತ್ತೇನೆ: "ಬಾರಯ್ಯ, ಒಳಗೆ ಬಂದು ಕೂತ್ಕೋ." ಅವನು ಬಹುಶಃ, "ಇದು ನಮ್ಮ ಸಂಘ ಕಣಯ್ಯಾ, ನೀನು ಬಾ ಒಳಗೆ" ಅಂತಾನೆ. ಅದಕ್ಕಿಂತ ದೊಡ್ಡ ಬೆಳ್ಳಿ ಹಬ್ಬ ನನಗೆ ಇನ್ನೊಂದಿಲ್ಲ.



ಜೈ ಸಹಕಾರ. ಜೈ ಕರ್ನಾಟಕ.