'ಸ್ವಂತ ಕಾರಣ' ಅಂತ ಬರೀಬೇಡಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಅವ್ವಂದಿರು ಒಡೆಯರ ಹೊಲದಲ್ಲಿ ದುಡಿದರು. ಮೈ ಮುಟ್ಟಿದವನ ಮೇಲೆ ದೂರು ಹೇಳೋದಿರಲಿ, ಕೆಲಸ ಬಿಟ್ಟು ಬರೋದಕ್ಕೂ ಅವರಿಗೆ ದಾರಿ ಇರಲಿಲ್ಲ. ಜೀತದಲ್ಲಿ ರಾಜೀನಾಮೆ ಎಂಬುದಿಲ್ಲ. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಈಗ ನಾವು ನಾಲ್ಕಕ್ಷರ ಕಲಿತಿದೀವಿ. ಗಾರ್ಮೆಂಟ್ಸಿಗೆ, ಅಂಗಡಿಗೆ, ಆಸ್ಪತ್ರೆಗೆ, ಆಫೀಸಿಗೆ ದುಡಿಯೋಕೆ ಹೋಗ್ತೀವಿ. ಅಲ್ಲಿ ಸೂಪರ್‌ವೈಸರ್ ಮೈಮೇಲೆ ಕೈ ಹಾಕಿದರೆ, ಹೊಲಸು ಮಾತಾಡಿದರೆ ಏನು ಮಾಡ್ತೀವಿ? ಒಂದು ಹಾಳೆ ತಗೊಂಡು 'ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿ ಬರ್ತೀವಿ.

ಅದು ಯಾರ ಸ್ವಂತ ಕಾರಣ? ಅವನ ಕೊಳಕಿಗೆ ನಮ್ಮ ಸಹಿ ಯಾಕೆ?

ಯಾಕೆ ಹಾಗೆ ಬರೀತೀವಿ ಅಂತ ನಮಗೂ ಗೊತ್ತು. ಊರಿಗೆ ತಿಳಿದರೆ ಮದುವೆ ಆಗಲ್ಲ. ಅಪ್ಪ ಮನೇಲೇ ಇರು ಅಂತಾನೆ. ಮುಂದಿನ ಕೆಲಸಕ್ಕೆ ಸರ್ಟಿಫಿಕೇಟ್ ಸಿಗಲ್ಲ. ಈ ಭಯ ಸುಳ್ಳಲ್ಲ. ಆದರೆ ಆ ಎರಡು ಪದ ನಾಳೆ ಮಾಲೀಕನ ಕೈಯಲ್ಲಿ ಸಾಕ್ಷಿ ಆಗ್ತವೆ. 'ಅವಳೇ ಇಷ್ಟಪಟ್ಟು ಬಿಟ್ಟಳು' ಅಂತಾನೆ. ತಪ್ಪು ಮಾಡಿದವನು ಅದೇ ಕುರ್ಚಿಯಲ್ಲಿ ಕೂತಿರ್ತಾನೆ. ಅಲ್ಲಿಗೆ ಇನ್ನೊಬ್ಬಳು ನಮ್ಮ ಹುಡುಗಿ ಕೆಲಸಕ್ಕೆ ಬರ್ತಾಳೆ.

ಈ ಕಾನೂನು ಯಾರೋ ದೊಡ್ಡವರು ಕೊಟ್ಟ ದಾನವಲ್ಲ. ರಾಜಸ್ಥಾನದ ಭಟೇರಿಯ ಭಂವರಿದೇವಿ ಕುಂಬಾರ ಜಾತಿಯ ಹೆಂಗಸು. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ಕೆಲಸ ಮಾಡ್ತಿದ್ದರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಮೇಲ್ಜಾತಿಯವರು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು ಎಂಬುದು ಅವರ ದೂರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ, 1992ರಲ್ಲೇ, ಈ ಘಟನೆಯ ಸಿಟ್ಟಿನಿಂದ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯಿದೆ ಬಂತು. ಇದರ ಬುಡದಲ್ಲಿ ಒಬ್ಬ ದುಡಿಯುವ ಹೆಂಗಸಿನ ನೋವಿದೆ.

ರಾಜೀನಾಮೆ ಕೊಟ್ಟ ಮೇಲೆ ಎಲ್ಲ ಮುಗೀತು ಅನ್ನೋರು ಇನ್ನೊಂದು ಸಂಗತಿ ಕೇಳಿ. ಮಧ್ಯಪ್ರದೇಶದಲ್ಲಿ ಒಬ್ಬ ಮಹಿಳಾ ನ್ಯಾಯಾಧೀಶರು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲೆ ಕಿರುಕುಳದ ಆರೋಪ ಮಾಡಿದರು. ಮಗಳು ಹನ್ನೆರಡನೇ ತರಗತಿಯಲ್ಲಿದ್ದಾಗ ಅವರನ್ನು ದೂರದ ಊರಿಗೆ ವರ್ಗ ಮಾಡಲಾಯಿತು. 2014ರಲ್ಲಿ ರಾಜೀನಾಮೆ ಕೊಟ್ಟರು. ವಿಚಾರಣಾ ಸಮಿತಿ ಕಿರುಕುಳದ ಆರೋಪ ಸಾಬೀತಾಗಿಲ್ಲ ಎಂದಿತು. ಆದರೂ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆ ರಾಜೀನಾಮೆ ಮನಃಪೂರ್ವಕ ಕೊಟ್ಟದ್ದಲ್ಲ ಎಂದು ಹೇಳಿ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಹಿಂದಿನ ಸಂಬಳ ಸಿಗಲಿಲ್ಲ, ಸೇವೆ ಮಾತ್ರ ಮುರಿಯದೆ ಉಳೀತು. ನ್ಯಾಯಾಧೀಶರಿಗೇ ಎಂಟು ವರ್ಷ ಬೇಕಾಯ್ತು. ನಮ್ಮ ಹತ್ತಿರ ಕಾಗದ ಇಲ್ಲದಿದ್ದರೆ ಎಷ್ಟು ವರ್ಷ ಬೇಕು, ಲೆಕ್ಕ ಹಾಕಿ.

ಅದಕ್ಕೇ ಇವನ್ನು ಬಾಯಿಪಾಠ ಮಾಡಿಕೊಳ್ಳೋಣ.

ಒಂದು. ಕೆಲಸ ಬಿಟ್ಟರೂ ದೂರು ಕೊಡಬಹುದು. ಹೆಂಗಸು ಆ ಜಾಗದಲ್ಲಿ ಕೆಲಸಕ್ಕಿರಲಿ, ಇಲ್ಲದಿರಲಿ ಅಂತಲೇ ಕಾಯಿದೆ ಹೇಳುತ್ತೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಕಾಲ ಕೊಡಬಹುದು. 'ಸ್ವಂತ ಕಾರಣ' ಅಂತ ಬರೆದುಕೊಟ್ಟು ಬಂದಿದ್ದರೂ ಈ ಹಕ್ಕು ಹೋಗಲ್ಲ.

ಎರಡು. ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ, ಇಲ್ಲಾ ಮಾಲೀಕನೇ ಕೈ ಹಾಕಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದ ನಮ್ಮ ಅಕ್ಕಂದಿರಿಗೂ ಇದೇ ದಾರಿ. ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆಯಲು ನೆರವಾಗಬೇಕು.

ಮೂರು. ಕೆಲಸ ಬಿಡೋ ಮುಂಚೆ ಇನ್ನೊಂದು ಬಾಗಿಲು ಇದೆ. ವಿಚಾರಣೆ ನಡೆಯುವಾಗ ತನ್ನನ್ನೋ ಅವನನ್ನೋ ಬೇರೆ ಕಡೆ ಹಾಕಿ ಅಂತ ಕೇಳಬಹುದು. ಮೂರು ತಿಂಗಳವರೆಗೆ ರಜೆ ಕೇಳಬಹುದು. ಅದು ನಮ್ಮ ಲೆಕ್ಕದ ರಜೆಗೆ ಸೇರಲ್ಲ. ದುಡ್ಡು ಕೊಟ್ಟು ರಾಜಿ ಮಾಡಿಸೋದಕ್ಕೆ ಕಾಯಿದೆ ಒಪ್ಪಲ್ಲ.

ನಾಲ್ಕು. ಬಿಡಲೇಬೇಕಾದರೆ ನಿಜ ಕಾರಣ ಬರೀರಿ. ಯಾರು, ಯಾವತ್ತು, ಎಲ್ಲಿ, ಏನು ಮಾಡಿದ, ಯಾರಿಗೆ ಹೇಳಿದೆ, ಅವರು ಏನಂದರು. ಒಂದು ಪ್ರತಿ ಇಟ್ಟುಕೊಳ್ಳಿ. ಕೈಯಲ್ಲಿ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಐದು. ದುಡಿದ ದುಡ್ಡು ಬಿಡಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಪಿ.ಎಫ್. ನಮ್ಮದು. ಐದು ವರ್ಷ ಒಂದೇ ಕಡೆ ದುಡಿದಿದ್ದರೆ, ರಾಜೀನಾಮೆ ಕೊಟ್ಟರೂ ಗ್ರಾಚ್ಯುಯಿಟಿ ಬರುತ್ತೆ. ಆರೋಪ ಸಾಬೀತಾದರೆ ಮನಸ್ಸಿಗಾದ ನೋವಿಗೆ, ಕೈತಪ್ಪಿದ ಕೆಲಸದ ಅವಕಾಶಕ್ಕೆ, ಆಸ್ಪತ್ರೆ ಖರ್ಚಿಗೆ ಅವನ ಸಂಬಳದಿಂದಲೇ ಪರಿಹಾರ ಹಿಡಿಸಬಹುದು.

ಆರು. ಪೊಲೀಸ್ ಠಾಣೆಗೂ ಹೋಗಬಹುದು. ನಮ್ಮ ಜಾತಿ ಗೊತ್ತಿದ್ದೂ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವನು ಒಪ್ಪಿಗೆಯಿಲ್ಲದೆ ಲೈಂಗಿಕವಾಗಿ ಮುಟ್ಟಿದರೆ, ಲೈಂಗಿಕವಾಗಿ ಮಾತಾಡಿದರೆ, ಸನ್ನೆ ಮಾಡಿದರೆ, 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಅದೇ ಒಂದು ಅಪರಾಧ. ಠಾಣೆಯಲ್ಲಿ ಆ ಕಾಯಿದೆಯ ಹೆಸರು ಹೇಳಿಯೇ ಬರೆಸಬೇಕು.

ಇನ್ನು ಗಂಡುಹುಡುಗರಿಗೆ ಒಂದು ಮಾತು. ತಂಗಿ ಕೆಲಸ ಬಿಟ್ಟು ಬಂದಾಗ 'ನೀನೇನು ಮಾಡಿದೆ' ಅಂತ ಕೇಳೋ ಬಾಯಿ ನಮ್ಮಲ್ಲೂ ಇದೆ. ಮೇಲ್ಜಾತಿಯವನ ಕೈ ಮಾತ್ರ ಕೊಳಕು, ನಮ್ಮ ಕೈ ಶುದ್ಧ ಅಂತ ಹೇಳಿಕೊಂಡು ತಿರುಗೋದು ಹೋರಾಟ ಅಲ್ಲ. ಹೋರಾಟ ನಮ್ಮ ಹಾಸ್ಟೆಲಿನ ಹರಟೆಯಿಂದಲೂ ಶುರುವಾಗಬೇಕು. ಅವಳು ದೂರು ಬರೆಯುವಾಗ ಪಕ್ಕದಲ್ಲಿ ಕೂರೋಣ, ಸಮಿತಿಯ ಬಾಗಿಲವರೆಗೆ ಜೊತೆಗೆ ಹೋಗೋಣ. ಒಳಗೆ ಮಾತಾಡೋದು ಅವಳು. ಅವಳ ಬಾಯಿ ನಾವಾಗೋದು ಬೇಡ.

ಕೆಲಸ ಬಿಡೋದು ಸೋಲಲ್ಲ. ಕೆಲವು ಸಲ ಜೀವ ಉಳಿಸಿಕೊಳ್ಳೋಕೆ ಬಿಡಲೇಬೇಕು. ಆದರೆ ಗೇಟಿನಲ್ಲಿ ಗುರುತಿನ ಚೀಟಿ ವಾಪಸ್ ಕೊಡುವಾಗ ಹಕ್ಕನ್ನೂ ವಾಪಸ್ ಕೊಟ್ಟು ಬರೋದು ಬೇಡ. ನಮ್ಮ ಅವ್ವಂದಿರಿಗೆ ಬರೆಯಲು ಹಾಳೆ ಇರಲಿಲ್ಲ. ನಮಗಿದೆ. ಅದರಲ್ಲಿ ನಿಜ ಬರೆಯೋಣ.

ಜೈಭೀಮ್.