ಸಾಲದ ಕಾರ್ಡ್ ಓದಿಸಿ ಕೇಳೋಣ

(ಮುದನಾಳದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹತ್ತಿ ಬಿಡಿಸುವ ಮೊದಲೇ, ತೊಗರಿ ರಾಶಿ ಆಗುವ ಮೊದಲೇ ಕಂತಿನ ದಿನ ಬಂದು ನಿಲ್ಲುತ್ತದೆ. ಬೆಳೆ ವರ್ಷಕ್ಕೊಮ್ಮೆ, ಸಂಘದ ಕಂತು ವಾರಕ್ಕೋ ತಿಂಗಳಿಗೋ. ನಮ್ಮ ಭಾಗದ ಸಾಲದ ತೊಡಕು ಅರ್ಧ ಇಲ್ಲಿದೆ. ಉಳಿದರ್ಧ ನಾವು ಓದದೆ ಸಹಿ ಮಾಡುವ ಕಾಗದದಲ್ಲಿದೆ.

ನಾನು ಎಂಜಿನಿಯರ್ ಆಗಿದ್ದವನು, ಲೆಕ್ಕದಿಂದಲೇ ಶುರು ಮಾಡುತ್ತೇನೆ. 50,000 ರೂಪಾಯಿ ಸಾಲ, ಎರಡು ವರ್ಷ, ‘ಬರೀ ಶೇ. 12 ಬಡ್ಡಿ’ ಎನ್ನುತ್ತಾನೆ ಏಜೆಂಟ್. ವರ್ಷಕ್ಕೆ 6,000ದಂತೆ 12,000 ಬಡ್ಡಿ. ಒಟ್ಟು 62,000ವನ್ನು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 2,583. ಆದರೆ ಹದಿನೆಂಟನೇ ಕಂತು ಬರುವ ಹೊತ್ತಿಗೆ ಅಸಲಿನ ಸುಮಾರು ಮೂರರಲ್ಲಿ ಎರಡು ಪಾಲು ತೀರಿರುತ್ತದೆ. ಬಡ್ಡಿ ಮಾತ್ರ ಕೊನೆಯ ತನಕ ಪೂರ್ತಿ 50,000ಕ್ಕೇ! ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಅದು ಶೇ. 21 ದಾಟುತ್ತದೆ. ಮೊದಲೇ ಶುಲ್ಕ ಮುರಿದುಕೊಂಡರೆ ಇನ್ನೂ ಹೆಚ್ಚು. ಆದ್ದರಿಂದ ‘ಕಂತು ಎಷ್ಟು?’ ಎಂದಷ್ಟೇ ಕೇಳಬೇಡಿ. ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು, ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟು ಎಂದು ಕೇಳಿ.

ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬದಿಂದ ಈ ಸಾಲಕ್ಕೆ ಅಡವು ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಏಜೆಂಟ್ ಹೇಳಿದನೆಂದು ಆದಾಯ ಹೆಚ್ಚು ಬರೆಸಿದರೆ ಈ ಬೇಲಿಯನ್ನು ನಾವೇ ಕಿತ್ತಂತೆ. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಸಾಲದ ಕಾರ್ಡ್ ನಮಗೆ ತಿಳಿಯುವ ಭಾಷೆಯಲ್ಲಿರಬೇಕು.

ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರ ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ಬೀಗರ ಮುಂದೆ ಮರ್ಯಾದೆ ತೆಗೆಯುವುದು ಯಾವುದಕ್ಕೂ ಅವಕಾಶವಿಲ್ಲ. ನನಗೆ ಎಲ್ಲಕ್ಕಿಂತ ಕೆಟ್ಟದ್ದೆನಿಸುವುದು ಒಬ್ಬಾಕೆ ತಪ್ಪಿಸಿದಳೆಂದು ಸಂಘದ ಉಳಿದ ಹೆಣ್ಣುಮಕ್ಕಳನ್ನೇ ಆಕೆಯ ಮನೆ ಮುಂದೆ ಕೂರಿಸುವುದು. ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲಕ್ಕೆ ಮಾನ ಒತ್ತೆಯಲ್ಲ.

2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಗ ‘ಎಲ್ಲ ಸಾಲ ಮನ್ನಾ’ ಎಂದುಕೊಂಡವರಿದ್ದರು. ಹಾಗಲ್ಲ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ಮಾತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲಕ್ಕಲ್ಲ. ಅದಕ್ಕೇ ಸಾಲ ಕೊಟ್ಟವರು ಯಾರೆಂಬುದು ಮೊದಲು ಗೊತ್ತಿರಬೇಕು.

ಕಂಪನಿಯ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರೆದುಕೊಡಿ, ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಬೆದರಿಕೆ ಇದ್ದರೆ ಕಾಯಬೇಡಿ, ಪೊಲೀಸರಿಗೆ ತಿಳಿಸಿ.

ಕಾರ್ಡ್ ತಂದವರು ಪ್ರಸಾದ ಮುಗಿದ ಮೇಲೆ ಇಲ್ಲೇ ಕೂಡಿರಿ, ಒಂದೊಂದಾಗಿ ಓದಿ ಹೇಳುತ್ತೇನೆ.